ವರದಿಗಾರಿಕೆಯಿಂದ ಸ್ವಂತ ಪತ್ರಿಕೆಗೆ: ಹಿರೇಹಂದಿಗೋಳದಿಂದ ಕೆಲವು ಪಾಠಗಳು

ಗದಗ, ಶಿರಹಟ್ಟಿ, ಮುಂಡರಗಿಯ ಸುದ್ದಿಯನ್ನು ಹುಬ್ಬಳ್ಳಿಗೆ ಕಳಿಸುತ್ತ ಬಹಳ ವರ್ಷ ದುಡಿದೆ. ಈಗ ಹಿರೇಹಂದಿಗೋಳದಲ್ಲೇ ಕುಳಿತು ಸುತ್ತಲಿನ ಹಳ್ಳಿಗಳಿಗಾಗಿ ಮಾಸಿಕ ನಡೆಸುತ್ತೇನೆ. ಇದೇ ದಾರಿ ಹಿಡಿಯಬೇಕೆಂದಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆದಿದ್ದೇನೆ.

1. ಮೊದಲು ವರದಿಗಾರಿಕೆಯಲ್ಲಿ ಪಳಗಿ. ಪಹಣಿ ಓದುವುದು, ಎ.ಪಿ.ಎಂ.ಸಿ.ಯಲ್ಲಿ ನಿಂತು ಹೆಸರುಕಾಳಿನ ದರ ಹೇಗೆ ಕುಸಿಯುತ್ತದೆಂದು ನೋಡುವುದು, ಪಂಚಾಯಿತಿಯ ಠರಾವು ಪುಸ್ತಕ ಕೇಳಿ ಪಡೆಯುವುದು, ಇವೆಲ್ಲ ಓಡಾಡಿದರೇ ಬರುವ ವಿದ್ಯೆ.

2. ಸುದ್ದಿಯ ಎಳೆ ಬಿಡಬೇಡಿ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, 2016ರಲ್ಲಿ ಆ ಆದೇಶ ವಾಪಸಾಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಘೋಷಣೆ, 2019ರಲ್ಲಿ ವನ್ಯಜೀವಿಧಾಮ. ಇವೆಲ್ಲ ದಿನಪತ್ರಿಕೆಗಳಲ್ಲಿ ಬಂದ ಸುದ್ದಿಗಳೇ. ಆದರೆ ಒಂದರ ಬೆನ್ನಿಗೆ ಇನ್ನೊಂದನ್ನಿಟ್ಟು, ಇದರಿಂದ ಗುಡ್ಡದ ಬುಡದ ಕುರಿಗಾರನಿಗೆ ಏನಾಯಿತು ಎಂದು ಹೇಳುವ ಕೆಲಸ ಊರಿನ ಮಾಸಿಕದ್ದು.

3. ಚಂದಾದಾರನೇ ನಿಮ್ಮ ಬಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಪತ್ರಿಕೆಗೆ ಬರುವ ಜಾಹೀರಾತು ಎಂದರೆ ಮುಖಂಡರ ಹುಟ್ಟುಹಬ್ಬದ ಶುಭಾಶಯ, ಜಾತ್ರೆ, ಬೀಜ ಗೊಬ್ಬರದ ಅಂಗಡಿ. ಶುಭಾಶಯ ಕೊಟ್ಟವರ ಗುತ್ತಿಗೆಯ ರಸ್ತೆ ಮೊದಲ ಮಳೆಗೇ ಕಿತ್ತುಹೋದರೆ ಬರೆಯಲೇಬೇಕು. ಬರೆದ ಮೇಲೆ ಮುಂದಿನ ಸಂಚಿಕೆಯ ಕಾಗದಕ್ಕೆ ದುಡ್ಡೆಲ್ಲಿ? ಆ ಪ್ರಶ್ನೆಗೆ ಉತ್ತರ ಮೊದಲೇ ಕೈಯಲ್ಲಿರಬೇಕು. 1980ರಲ್ಲಿ ಪಿ. ಲಂಕೇಶ್ ಜಾಹೀರಾತನ್ನೇ ಬಿಟ್ಟು, ಓದುಗರು ಕೊಟ್ಟ ದುಡ್ಡಿನ ಮೇಲೆ ವಾರಪತ್ರಿಕೆ ನಡೆಸಿ ತೋರಿಸಿದರು. ‘ಪ್ರಜಾವಾಣಿ’ ಬಿಟ್ಟುಬಂದ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಕೂಡಿಸಿ 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ತಂದರು. ಅದು ಬಹಳ ಕಾಲ ನಿಲ್ಲಲಿಲ್ಲ, ನಿಜ. ದಿನಪತ್ರಿಕೆಯ ಖರ್ಚು ದೊಡ್ಡದು. ಆದರೆ ಓದುಗನೇ ಒಡೆಯನಾಗುವ ಆ ವಿಚಾರ ನಮ್ಮಂಥ ಸಣ್ಣ ಮಾಸಿಕಕ್ಕೆ ಚೆನ್ನಾಗಿ ಒಗ್ಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸಿದ್ದನಗೌಡ ಪಾಟೀಲರು 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ಇದು. ಕೂಡಿ ದುಡ್ಡು ಹಾಕುವುದು ನಮ್ಮ ಜನಕ್ಕೆ ಹೊಸದಲ್ಲ.

ಚಂದಾ ಕೇಳುವುದಕ್ಕೂ ಹೊತ್ತು ಇದೆ. ಹೆಸರು ಮಾರಿದ ಮೇಲೆ ಹೋಗಿ, ಇಲ್ಲವೇ ಹಿಂಗಾರಿ ಕಡಲೆ ಮನೆಗೆ ಬಂದ ಮೇಲೆ. ಬಿತ್ತನೆಯ ತಿಂಗಳಲ್ಲಿ ರಸೀದಿ ಪುಸ್ತಕ ಹಿಡಿದು ಯಾರ ಬಾಗಿಲಿಗೂ ಹೋಗಬೇಡಿ.

4. ಕಾಗದಪತ್ರ ಸರಿ ಇರಲಿ. ಪತ್ರಿಕೆಗಳ ನೋಂದಣಿಗೆ 1867ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2023ರ ಕಾಯ್ದೆ ಇದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿ ಆನ್‌ಲೈನಿನಲ್ಲೇ. ಶೀರ್ಷಿಕೆಗೆ ಒಪ್ಪಿಗೆ ಸಿಗುವ ಮೊದಲೇ ಬೋರ್ಡು ಬರೆಸಬೇಡಿ, ಅದೇ ಹೆಸರು ಬೇರೆಯವರ ಬಳಿ ಇರಬಹುದು. ಒಡೆಯ, ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ಪ್ರತಿ ಸಂಚಿಕೆಯಲ್ಲೂ ಅಚ್ಚಾಗಬೇಕು.

5. ಅಚ್ಚಿಗೆ ದೂರ ಹೋಗಬೇಕಿಲ್ಲ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಆದರೆ ಲಗ್ನಸರಾಯಿಯಲ್ಲಿ ಪ್ರೆಸ್ಸಿನವರ ಕೈತುಂಬ ಲಗ್ನಪತ್ರಿಕೆ, ವರ್ಷದ ಕೊನೆಗೆ ಕ್ಯಾಲೆಂಡರು. ಆ ತಿಂಗಳುಗಳಲ್ಲಿ ಪುಟಗಳನ್ನು ವಾರ ಮುಂಚೆಯೇ ಕೊಟ್ಟುಬಿಡಿ.

6. ಒಡೆತನ ಬಂತೆಂದು ಪೆನ್ನು ಕೆಳಗಿಡಬೇಡಿ. ಪಕ್ಕದ ಹಾವೇರಿ ಜಿಲ್ಲೆಯವರಾದ ಪಾಟೀಲ ಪುಟ್ಟಪ್ಪನವರು 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆ ತಂದ ಮೇಲೆ ಬರೆಯುವುದನ್ನು ಹೆಚ್ಚಿಸಿದರೇ ಹೊರತು ನಿಲ್ಲಿಸಲಿಲ್ಲ. ಲೆಕ್ಕಪತ್ರಕ್ಕೆ ಇನ್ನೊಬ್ಬರನ್ನು ಹುಡುಕಬಹುದು.

7. ವರದಿಗಾರನಾಗಿದ್ದಾಗ ಬರೆದದ್ದು ಬೇರೆ ಊರಲ್ಲಿ ಅಚ್ಚಾಗುತ್ತಿತ್ತು. ಈಗ ಯಾರ ಮೇಲೆ ಬರೆದೆನೋ ಅವರು ಸಂಜೆ ಅಗಸಿಯ ಕಟ್ಟೆಯಲ್ಲೇ ಸಿಗುತ್ತಾರೆ. “ಯಣ್ಣಾ, ಬರಿಯೂ ಮೊದ್ಲ ನನ್ನ ಒಂದ್ ಮಾತ ಕೇಳ್ಬೇಕಿತ್ತ” ಎನ್ನುವ ಅವಕಾಶ ಯಾರಿಗೂ ಉಳಿಯಬಾರದು. ದಿನಪತ್ರಿಕೆಯಾದರೆ ಸ್ಪಷ್ಟೀಕರಣ ಮರುದಿನವೇ ಬರುತ್ತದೆ. ಮಾಸಿಕದಲ್ಲಿ ಒಬ್ಬ ಮನುಷ್ಯ ಇಡೀ ತಿಂಗಳು ಆ ಬರಹ ಹೊತ್ತು ಊರಲ್ಲಿ ತಿರುಗಬೇಕು. ಅದಕ್ಕೇ ಬರೆಯುವ ಮೊದಲು ಅವರ ಮನೆಗೆ ಹೋಗಿ, ದಾಖಲೆ ತೋರಿಸಿ ಕೇಳಿ, ಅವರು ಹೇಳಿದ್ದನ್ನು ಅದೇ ಸಂಚಿಕೆಯ ಅದೇ ಪುಟದಲ್ಲಿ ಹಾಕಿ.