ಹೆಡ್‌ಸೆಟ್ ಒಳಗಿನ ಭೂತಗನ್ನಡಿ

ಇವತ್ತು ಮೊದಲಿಗೆ ಒಂದು ತಪ್ಪೊಪ್ಪಿಗೆ.

ಡಿಸೆಂಬರ್ 18, ಕತಾರ್ ರಾಷ್ಟ್ರೀಯ ದಿನದ ರಜೆ. ದೋಹಾದ ನಮ್ಮ ಮನೆಯಲ್ಲಿ ಮಕ್ಕಳು ವಿ.ಆರ್. ಹೆಡ್‌ಸೆಟ್ ಹಾಕಿಕೊಂಡು ಆಡಿ, ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಅಂಗಾತ ಇಟ್ಟು ಊಟಕ್ಕೆ ಬಂದರು. ನಾವೂ ಗಮನಿಸಲಿಲ್ಲ. ಸಂಜೆ ಹಾಕಿ ನೋಡಿದರೆ ಎಡಗಣ್ಣಿನ ಚಿತ್ರದಲ್ಲಿ ಒಂದು ಹಳದಿ ಕಲೆ. ಎಷ್ಟು ಒರೆಸಿದರೂ ಹೋಗಲಿಲ್ಲ. ಮಸೂರಕ್ಕೆ ಏನೂ ಆಗಿರಲಿಲ್ಲ, ಸುಟ್ಟಿದ್ದು ಅದರ ಹಿಂದಿನ ಪರದೆ.

ಇಲ್ಲಿನ ಬಿಸಿಲು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಜೂನ್, ಜುಲೈ. ಆದರೆ ಅವತ್ತು ಹೊರಗೆ ತಂಪಾಗಿಯೇ ಇತ್ತು. ಮತ್ತೆ ಸುಟ್ಟಿದ್ದು ಹೇಗೆ?

ನಿಮ್ಮ ಫೋನನ್ನು ಮೂಗಿನ ಹತ್ತಿರ ತನ್ನಿ. ಅಕ್ಷರ ಮಸುಕಾಗುತ್ತೆ, ಅಲ್ವಾ? ಅಷ್ಟು ಹತ್ತಿರದ ವಸ್ತುವಿಗೆ ಕಣ್ಣು ಹೊಂದಿಕೊಳ್ಳಲಾರದು. ಹೆಡ್‌ಸೆಟ್‌ನಲ್ಲಿ ಪರದೆ ಇರೋದು ಕಣ್ಣಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ. ಹಾಗಾಗಿ ನಡುವೆ ಒಂದು ಪೀನ ಮಸೂರ ಇಟ್ಟು, ಪರದೆಯನ್ನು ಅದರ ನಾಭಿಗೆ ತುಸು ಒಳಗೆ ಕೂರಿಸುತ್ತಾರೆ. ಪರದೆಯ ಒಂದು ಚುಕ್ಕೆಯಿಂದ ಹೊರಟ ಬೆಳಕು ಮಸೂರ ದಾಟಿದ ಮೇಲೆ ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತದೆ, ಕಣ್ಣಿಗೆ ಚಿತ್ರ ಒಂದೆರಡು ಮೀಟರ್ ಆಚೆ ಇದ್ದಂತೆ ಕಾಣುತ್ತದೆ.

ಈಗ ಇದನ್ನೇ ತಿರುಗಿಸಿ ನೋಡಿ. ಸೂರ್ಯನ ಕಿರಣಗಳು ನಮಗೆ ತಲುಪೋದೇ ಸಮಾಂತರವಾಗಿ. ಅವು ಕಣ್ಣಿನ ಕಡೆಯಿಂದ ಮಸೂರಕ್ಕೆ ಬಿದ್ದರೆ ಬಂದ ದಾರಿಯಲ್ಲೇ ಹಿಂದೆ ಹೋಗಿ ಪರದೆಯ ಮೇಲೆ ಒಂದೇ ಕಡೆ ಸೇರುತ್ತವೆ. ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಬಾಲ್ಯ ನೆನಪಿದೆಯಲ್ಲ, ಅದೇ. ದೋಹಾದಲ್ಲಿ ಜೂನ್ ಮಧ್ಯಾಹ್ನದ ಸೂರ್ಯ ಬಹುತೇಕ ನೆತ್ತಿಯ ಮೇಲೆ, ಕಿಟಕಿಯೊಳಗೆ ಬರೋದು ಕಡಿಮೆ. ಡಿಸೆಂಬರಿನಲ್ಲಿ ಅದೇ ಸೂರ್ಯ ದಕ್ಷಿಣದಲ್ಲಿ ಸುಮಾರು 41 ಡಿಗ್ರಿ ಎತ್ತರದಲ್ಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ನೇರ ಮೇಜಿನವರೆಗೆ ಬರುತ್ತಾನೆ. ಅಂದರೆ ಚಳಿಗಾಲವೇ ಅಪಾಯದ ಕಾಲ! ಈಗ ನಮ್ಮ ಹೆಡ್‌ಸೆಟ್ ಮಸೂರಕ್ಕೆ ಬಟ್ಟೆ ಮುಚ್ಚಿಕೊಂಡು ಬೀರುವಿನೊಳಗೆ ಕೂತಿದೆ.

ಪರದೆ ಹೋದರೆ ದುಡ್ಡು ಕೊಟ್ಟು ಹಾಕಿಸಬಹುದು. ಜೀವಶಾಸ್ತ್ರ ಓದಿದ ನಮಗೆ ಹೆಚ್ಚು ಯೋಚನೆ ಹತ್ತಿಸಿದ್ದು ಮಸೂರದ ಈಚೆ ಇರುವ ಕಣ್ಣು.

ಎರಡು ಕಣ್ಣಿಗೆ ತುಸು ಬೇರೆಬೇರೆ ಚಿತ್ರ ತೋರಿಸಿದರೆ ಮೆದುಳು ಆಳ ಕಾಣುತ್ತದೆ ಅಂತ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದರು. ಹೆಡ್‌ಸೆಟ್ ಮಾಡೋದೂ ಅದನ್ನೇ. ಆಟದಲ್ಲಿ ಚೆಂಡು ಮುಖದ ಹತ್ತಿರ ಬಂದರೆ ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ. ನಿಜ ಜೀವನದಲ್ಲಾದರೆ ಆಗ ಕಣ್ಣಿನ ಮಸೂರವೂ ಉಬ್ಬಬೇಕು. ಇಲ್ಲಿ ಬೆಳಕು ಬರುತ್ತಿರೋದು ಅದೇ ಒಂದೆರಡು ಮೀಟರಿನಿಂದ, ಉಬ್ಬಿದರೆ ಚಿತ್ರ ಮಸುಕು. ಜೊತೆಯಾಗಿ ಕೆಲಸ ಮಾಡಿ ರೂಢಿಯಾದ ಎರಡು ಸ್ನಾಯು ವ್ಯವಸ್ಥೆಗಳು ಎದುರುಬದುರಾಗುತ್ತವೆ. ಅರ್ಧ ಗಂಟೆ ಆಡಿದ ಮೇಲೆ ಹಣೆ ಹಿಡಿದಂತಾಗೋದಕ್ಕೆ ಇದೂ ಒಂದು ಕಾರಣ. ಪಿಕ್ಸೆಲ್ ಎಷ್ಟೇ ಹೆಚ್ಚಿಸಿದರೂ ಇದು ಹೋಗದು.

ಇನ್ನೊಂದು, ಪಾಪೆಗಳ ನಡುವಿನ ಅಂತರ. ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್, ಮಕ್ಕಳಲ್ಲಿ ಕಡಿಮೆ. ಕ್ವೆಸ್ಟ್ 2ರಲ್ಲಿ ಮಸೂರಗಳನ್ನು 58, 63, 68ಕ್ಕೆ ಹೊಂದಿಸಬಹುದು, ಅಷ್ಟೇ. ಅಳತೆ ಹೊಂದದಿದ್ದರೆ ಕಣ್ಣು ಮಸೂರದ ಅಂಚಿನ ಮೂಲಕ ನೋಡುತ್ತದೆ, ಚಿತ್ರ ಮಸುಕು, ಆಳವೂ ತಪ್ಪು. ಮೆಟಾ ಕಂಪನಿ 10 ವರ್ಷ, ಪ್ಲೇಸ್ಟೇಷನ್ ವಿ.ಆರ್. 2 ಮಾಡುವ ಸೋನಿ 12 ವರ್ಷ ಅಂತ ಕನಿಷ್ಠ ವಯಸ್ಸು ಹೇಳುತ್ತವೆ. ಡಬ್ಬಿಯ ಮೇಲಿನ ಆ ಸಾಲನ್ನು ನಾವೂ ಓದಿ ಮರೆತವರೇ.

ರಜೆ ಮುಗಿದ ಮೇಲೆ ಸ್ಕೇಲ್ ಹಿಡಿದು ಇಬ್ಬರನ್ನೂ ಅಳೆದೆವು. ದೊಡ್ಡವಳದು 59, ಹೇಗೋ ಹೊಂದುತ್ತೆ. ಏಳು ವರ್ಷದ ಚಿಕ್ಕವನದು 53, ನಮ್ಮ ಹೆಡ್‌ಸೆಟ್‌ನ ಅತಿ ಕಡಿಮೆ ಅಂತರಕ್ಕಿಂತಲೂ ಕಡಿಮೆ. "ನನಗೆ ಚೆನ್ನಾಗೇ ಕಾಣ್ಸುತ್ತೆ" ಅಂತ ವಾದಿಸಿದ. ಸದ್ಯಕ್ಕೆ ಬೀರುವಿನ ಕೀಲಿ ಅಕ್ಕನ ಹತ್ತಿರ ಇದೆ, ಅವನ ಮುನಿಸು ಇನ್ನೂ ಇಳಿದಿಲ್ಲ.