ಪಾರ್ಶ್ವವಾಯುವಿಗೆ ಗಿಡಮೂಲಿಕೆಯೇ?



ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದವರಿಗೆ ಸೊಪ್ಪಿನ ರಸ ಕುಡಿಸಬಹುದೇ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಏಳುವುದುಂಟು. ಗಿಡಗಳಲ್ಲಿ ಔಷಧಗುಣವಿಲ್ಲವೆಂದಲ್ಲ. ಆದರೆ ಈ ರೋಗದ ಬಗೆಯನ್ನು ಮೊದಲು ತಿಳಿಯಬೇಕು.

ಮಿದುಳಿನಲ್ಲಿ ಆಗುವುದೇನು?

ಮಿದುಳಿಗೆ ರಕ್ತನಾಳಗಳೇ ಕಾಲುವೆಗಳು. ಬಹುಪಾಲು ರೋಗಿಗಳಲ್ಲಿ ಹೆಪ್ಪುಗಟ್ಟಿದ ರಕ್ತವು ನಾಳವನ್ನು ಮುಚ್ಚುತ್ತದೆ. ಕೆಲವರಲ್ಲಿ ನಾಳವೇ ಒಡೆಯುತ್ತದೆ. ಕಾಲುವೆಗೆ ಹೂಳು ತುಂಬಿ ನೀರು ನಿಂತರೆ ಸ್ವಲ್ಪ ಪೈರು ಬೇಗ ಒಣಗುತ್ತದೆ; ಅದರ ಸುತ್ತಲಿನದು ಬಾಡಿದರೂ ಜೀವ ಹಿಡಿದಿರುತ್ತದೆ. ಬೇಗ ನೀರು ಬಂದರೆ ಬಾಡಿದ್ದು ಚಿಗುರುತ್ತದೆ. ಮಿದುಳೂ ಹಾಗೆಯೇ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು.

ಗಿಡದ ಸತ್ವಗಳು

ರಕ್ತ ಮರಳುವವರೆಗೆ ಬಾಡಿದ ಭಾಗವನ್ನು ಕಾಯುವ ವಸ್ತುಗಳನ್ನು ಗಿಡಗಳಲ್ಲಿಯೂ ಹುಡುಕುತ್ತಿದ್ದಾರೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳಿನ ಹಾನಿಯನ್ನು ತಗ್ಗಿಸಿದೆ. ಆದರೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ರೋಗಿಗಳಲ್ಲಿ ಅದರ ಫಲ ಸಿದ್ಧಪಟ್ಟಿಲ್ಲ. ಕುಂಡದಲ್ಲಿ ಚೆನ್ನಾಗಿ ಬೆಳೆದ ತಳಿ ಹೊಲದಲ್ಲಿ ಸೋಲುವುದುಂಟಲ್ಲವೇ? ಇಲಿಗಳಲ್ಲಿ ಫಲಿಸಿದ ಅನೇಕ ಮದ್ದುಗಳು ಮನುಷ್ಯರಲ್ಲಿ ಹಾಗೆಯೇ ಸೋತಿವೆ.

ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಸೆಲರಿ ಗಿಡದ ಬೀಜದಲ್ಲಿ ದೊರೆತ ಬ್ಯುಟೈಲ್‌ಥಾಲೈಡ್ ಎಂಬ ವಸ್ತುವಿಗೆ ಚೀನಾ ದೇಶವು 2002ರಲ್ಲಿ ಈ ರೋಗದ ಔಷಧವೆಂದು ಒಪ್ಪಿಗೆ ಕೊಟ್ಟಿತು. ಅದು ಶುದ್ಧವಾಗಿ ತಯಾರಿಸಿ, ಅಳತೆ ಮಾಡಿ, ವೈದ್ಯರು ಕೊಡುವ ಮದ್ದು. ಬೀಜ ಅಗಿದರೆ ಅದೇ ಫಲ ಬರುವುದೆಂದು ತಿಳಿಯಬಾರದು.

ನೀವು ಮಾಡಬೇಕಾದುದು

1. ಮುಖ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆಮಾಡಿರಿ. ತೊಂದರೆ ಆರಂಭವಾದ ವೇಳೆಯನ್ನು ಬರೆದಿಡಿರಿ.

2. ಸಿ.ಟಿ. ಯಂತ್ರವಿರುವ ಆಸ್ಪತ್ರೆಗೆ ಸೇರಿಸಿರಿ. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಅದರಿಂದ ತಿಳಿಯುತ್ತದೆ. ಹೆಪ್ಪು ಕರಗಿಸುವ ಸೂಜಿಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಒಡೆದ ನಾಳಕ್ಕೆ ಅದೇ ಮದ್ದು ಅಪಾಯ.

3. ಬಾಯಿಗೆ ನೀರು, ಗಂಜಿ, ಸೊಪ್ಪಿನ ರಸ ಏನನ್ನೂ ಹಾಕಬೇಡಿರಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು.

4. ರೋಗಿಯು ಮೊದಲಿನಿಂದ ಗಿಡಮೂಲಿಕೆ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿರಿ.

ಅರಿಶಿನ ಅಡಿಗೆಯಲ್ಲಿ ಇದ್ದೇ ಇರಲಿ. ರೋಗ ಬಾರದಂತೆ ಕಾಯಲು ರಕ್ತದೊತ್ತಡವನ್ನು ಆಗಾಗ್ಗೆ ಪರೀಕ್ಷಿಸಿಕೊಳ್ಳಿರಿ, ಉಪ್ಪು ತಗ್ಗಿಸಿರಿ, ಬೀಡಿ, ತಂಬಾಕು ಬಿಡಿರಿ. ರೋಗ ಬಂದ ಗಳಿಗೆಯಲ್ಲಿ ಮಾತ್ರ ಸೊಪ್ಪು ಹುಡುಕುತ್ತ ಹೊತ್ತು ಕಳೆಯಬೇಡಿರಿ.