ಹಳೆ ವೀಣೆಗೆ ಬಿರಡೆ ಹುಡುಕುವ ಮುನ್ನ

ಮಗಳೇ, ಮಾಗಡಿಯ ಮನೆಯ ಅಟ್ಟದಿಂದ ನಿಮ್ಮಜ್ಜಿಯ ವೀಣೆ ಕೆಳಗಿಳಿಯಿತು ಎಂದು ಕೇಳಿ ತುಂಬಾ ಸಂತೋಷವಾಯಿತು. ಏಳು ಬಿರಡೆಗಳಲ್ಲಿ ಎರಡು ಕಳೆದುಹೋಗಿವೆ, ಒಂದು ಸೀಳಿದೆ, ಮಿಕ್ಕವು ಶ್ರುತಿಯಲ್ಲಿ ನಿಲ್ಲುತ್ತಿಲ್ಲ, ಅಂಗಡಿಯಿಂದ ಹೊಸ ಸೆಟ್ ತಂದು ಹಾಕಿಬಿಡಲೇ ಎಂದು ಕೇಳಿದ್ದೀಯ. ಬೇಡ. ಮುಂಗಡ ಕೊಟ್ಟಿಲ್ಲವಾದರೆ ಕೊಡಲೇಬೇಡ.

ಬಿರಡೆ ನೋಡಲು ಗೂಟದ ಹಾಗಿದ್ದರೂ ಅದು ತುದಿಗೆ ಹೋಗುತ್ತಾ ಸಣ್ಣಗಾಗುವ ಶಂಕು. ತೂತೂ ಅದೇ ಇಳಿಜಾರಿನಲ್ಲಿ ಇರಬೇಕು. ಪಿಟೀಲಿನ ಬಿರಡೆಗೆ ಲೋಕದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ: ಮೂವತ್ತು ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ದಪ್ಪ ಇಳಿಯುತ್ತದೆ. ಅದಕ್ಕೇ ಅಂಗಡಿಯ ಬಿರಡೆಯನ್ನು ಸ್ವಲ್ಪ ಹೆರೆದು ಕೂರಿಸಬಹುದು. ನಮ್ಮ ವೀಣೆಗೆ ಅಂಥ ಕಟ್ಟಳೆ ಇಲ್ಲ. ಮಾಡಿದವನ ಕೈ, ಅವನ ಬೈರಿಗೆ, ಅವನ ಕಣ್ಣಳತೆ, ಅಷ್ಟೇ. ಬೇರೆ ವೀಣೆಯ ಬಿರಡೆ ತಂದು ತುರುಕಿದರೆ ಒಂದು ಗೋಡೆಯಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ಆಮೇಲೆ ಕಾಗದ ಸುತ್ತುತ್ತಾರೆ, ಬಟ್ಟೆ ಸುತ್ತುತ್ತಾರೆ, ಕೊನೆಗೆ ಸುತ್ತಿಗೆಯಿಂದ ತಟ್ಟುತ್ತಾರೆ. ಆಗ ಸೀಳುವುದು ಬಿರಡೆಮನೆಯ ಹಲಸಿನ ಗೋಡೆ. ಬಿರಡೆಯನ್ನು ಒಂದು ಮಧ್ಯಾಹ್ನದಲ್ಲಿ ಕಡೆದುಕೊಡಬಹುದು. ಆ ಗೋಡೆಯನ್ನು ಯಾರೂ ಹಾಗೆ ಮಾಡಿಕೊಡಲಾರರು. ಬಿರಡೆಗೆ ತಕ್ಕಂತೆ ವೀಣೆಯನ್ನು ಕೊರೆಯಬೇಡ, ವೀಣೆಗೆ ತಕ್ಕ ಬಿರಡೆ ಮಾಡಿಸು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೊದಲು ಇರುವುದನ್ನು ನೋಡು. ತೆಗೆಯುವಾಗಲೇ ಯಾವ ತೂತಿನದು ಯಾವುದು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕು. ಮೇಲಿನ ನಾಲ್ಕು, ಪಕ್ಕದ ತಾಳದ ತಂತಿಗಳ ಮೂರು, ಒಂದಕ್ಕೊಂದು ಬೆರೆಯಬಾರದು. ಬಿರಡೆಯ ಮೈಮೇಲೆ ಹೊಳೆಯುವ ಪಟ್ಟೆಗಳಿರುತ್ತವೆ. ಅವು ಮರ ಮರಕ್ಕೆ ತಾಗಿದ ಗುರುತು. ಎರಡೂ ಕಡೆ ಸುತ್ತಲೂ ಪಟ್ಟೆ ಇದ್ದರೆ ಬಿರಡೆ ಚೆನ್ನಾಗಿದೆ. ಒಂದೇ ಕಡೆ ಇದ್ದರೆ ಇಳಿಜಾರು ಕೂಡುತ್ತಿಲ್ಲ. ಅಲ್ಲಲ್ಲಿ ತುಂಡಾಗಿದ್ದರೆ ತೂತು ಇಲ್ಲವೇ ಬಿರಡೆ ಮೊಟ್ಟೆಯಾಕಾರಕ್ಕೆ ತಿರುಗಿದೆ, ಏಕೆಂದರೆ ತಂತಿ ಎಳೆಯುವುದು ಯಾವಾಗಲೂ ಒಂದೇ ದಿಕ್ಕಿಗೆ. ಇನ್ನೊಂದು ಮಾತು, ಈಗ ಬೇಸಿಗೆ. ಒಣಹವೆಗೆ ಮರ ಕುಗ್ಗಿ ಎಂಥ ಬಿರಡೆಯೂ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತದೆ. ಒಣ ಸೋಪನ್ನು ತೆಳ್ಳಗೆ ಉಜ್ಜಿ ಅದರ ಮೇಲೆ ಸೀಮೆಸುಣ್ಣ ಸವರು. ಸೋಪು ನುಣ್ಣಗೆ ತಿರುಗಿಸುತ್ತದೆ, ಸುಣ್ಣ ಹಿಡಿದು ನಿಲ್ಲಿಸುತ್ತದೆ. ಒಳಕ್ಕೆ ಒತ್ತುತ್ತಲೇ ತಿರುಗಿಸು. ನೀನು ಕೆಟ್ಟಿವೆ ಎಂದುಕೊಂಡಿರುವ ನಾಲ್ಕರಲ್ಲಿ ಕೆಲವಾದರೂ ಹೀಗೇ ಸರಿಹೋದಾವು.

ಇಲ್ಲದ ಎರಡನ್ನು, ಸೀಳಿದ ಒಂದನ್ನು ಚನ್ನಪಟ್ಟಣದಲ್ಲೇ ಮಾಡಿಸೋಣ. ಈ ಊರನ್ನು ಬೊಂಬೆಯ ಊರು ಎಂದಷ್ಟೇ ಜನ ಬಲ್ಲರು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು, ಅದು ದೂರದೂರದ ಸೀಮೆಗಳಿಗೆ ಹೋಗುತ್ತಿತ್ತು ಎಂದು ಬರೆದಿದ್ದಾನೆ. ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಅವನು ಕಂಡ. ನಿನ್ನ ಸಾರಣಿ, ಪಂಚಮಗಳಿಗೆ ಕಟ್ಟುವಂಥ ತಂತಿ ಒಂದು ಕಾಲಕ್ಕೆ ಈ ಬೀದಿಗಳಲ್ಲೇ ಹುಟ್ಟುತ್ತಿತ್ತು ಎಂದು ನೆನೆದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ತಂತಿ ಎಳೆಯುವವರು ಈಗಿಲ್ಲ. ಮರ ಕಡೆಯುವ ಕೈಗಳು ಇವೆ.

ಆದರೆ ಬೊಂಬೆಯ ಮರದಲ್ಲಿ ಬಿರಡೆ ಮಾಡಿಸಬೇಡ. ಹಾಲೆ ಮರ ಬೆಳ್ಳಗೆ, ಮೃದು, ಉಳಿಗೆ ಬೆಣ್ಣೆ ಹಾಗೆ ಬರುತ್ತದೆ. ತಂತಿಯ ಎಳೆತಕ್ಕೆ ಅದು ನಿಲ್ಲುವುದಿಲ್ಲ. ಬೀಟೆಯೇ ಆಗಬೇಕು. ಹೊಸ ಬೀಟೆ ತುಂಡನ್ನು ಯಾರಾದರೂ ಗುಟ್ಟಾಗಿ ಕೊಡಲು ಬಂದರೆ ಮುಟ್ಟಬೇಡ, ಅದು ಕಾನೂನಿಗೆ ವಿರೋಧ, ಹಸಿಮರವಾದ್ದರಿಂದ ಕೆಲಸಕ್ಕೂ ಬಾರದು. ಕನಕಪುರದಲ್ಲೋ ರಾಮನಗರದಲ್ಲೋ ಹಳೆ ಮನೆ ಕೆಡವುವ ಕಡೆ, ಗುಜರಿಯಲ್ಲಿ, ಮುರಿದ ಬೀಟೆ ಮಂಚದ ಕಾಲು ಹುಡುಕು. ಎರಡು ತಲೆಮಾರು ಒಣಗಿದ ಮರ ಅದು. ಒಂದು ಕಾಲಿನಲ್ಲಿ ನಿನ್ನ ಮೂರೂ ಬಿರಡೆ ಆಗುತ್ತವೆ. ಮೊದಲು ದಪ್ಪಗೆ ಕಡೆಸಿ, ಕೆಲವು ವಾರ ನೆರಳಲ್ಲಿಟ್ಟು, ಆಮೇಲೆ ಅಳತೆಗೆ ಇಳಿಸಲು ಹೇಳು. ಒಳಗೆ ಉಳಿದ ಬಿಗುವು ಆ ವೇಳೆಗೆ ಬಿಟ್ಟುಕೊಂಡಿರುತ್ತದೆ. ಮಾದರಿಗೆ ಪಕ್ಕದ ತೂತಿನ ಹಳೆ ಬಿರಡೆ ಕೊಡು, ತಲೆಯ ಕೆತ್ತನೆಯೂ ಹೊಂದಿಕೊಳ್ಳುತ್ತದೆ. ನಮ್ಮವರು ಅಭ್ಯಾಸಬಲದಿಂದ ಅರಗು ಹಚ್ಚಿ ಕೇದಿಗೆ ಗರಿಯಲ್ಲಿ ಉಜ್ಜಿ ಮಿಂಚಿಸಲು ಹೊರಡುತ್ತಾರೆ. ತಲೆಗೆ ಬೇಕಾದರೆ ಹಚ್ಚಲಿ, ಗೋಡೆಯೊಳಗೆ ಕೂರುವ ಮೈಗೆ ಅರಗು ಬೇಡವೇ ಬೇಡ. ಅಲ್ಲಿ ಅರಗು ಇದ್ದರೆ ಬಿರಡೆ ಅಂಟಿಕೊಳ್ಳುತ್ತದೆ.

ತೂತು ಮೊಟ್ಟೆಯಾಕಾರವಾಗಿದ್ದರೆ ಲೇತ್‌ನವರಿಂದ ಆಗದು, ನಿನ್ನಿಂದಲೂ ಆಗದು. ಅದಕ್ಕೆ ಹಲಸಿನ ಬಿಲ್ಲೆ ಕೂರಿಸಿ ಮತ್ತೆ ಕೊರೆಯಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವವರೇ ಇದ್ದಾರೆ, ಅವರಿಗೆ ಒಪ್ಪಿಸು.

ಗಿಟಾರಿನ ಹಲ್ಲುಚಕ್ರದ ಕೀ ಹಾಕಿಸಿದರೆ ಸುಲಭ ಎಂದು ನಿನ್ನ ಗೆಳೆಯರು ಹೇಳಿದ್ದಾರೆ. ಸುಲಭ ನಿಜ. ಹೊಸ ವೀಣೆಗೆ ಧಾರಾಳವಾಗಿ ಹಾಕಿಸಬಹುದು, ನನ್ನ ತಕರಾರಿಲ್ಲ. ಹಳೆಯದಕ್ಕೆ ಹಾಕಿಸಲು ಗೋಡೆ ಕೊರೆಯಬೇಕು, ಸ್ಕ್ರೂ ಹೊಡೆಯಬೇಕು. ಕೊರೆದ ಮರ ತಿರುಗಿ ಬಾರದು. ಹಳೆ ಸ್ಟೀಲ್ ಗಿಟಾರ್ ಸರಿಪಡಿಸುವವರೂ ಇದೇ ಎಚ್ಚರ ಪಾಲಿಸುತ್ತಾರೆ. ಕೀಯ ಕಂಬದ ದಪ್ಪ, ಸ್ಕ್ರೂಗಳ ನಡುವಿನ ಅಂತರ, ಪಟ್ಟಿಯ ಮೇಲೆ ಒಂದು ಕಂಬದಿಂದ ಇನ್ನೊಂದಕ್ಕಿರುವ ದೂರ ಅಳೆದು, ಹಳೆ ತೂತಿಗೇ ಕೂರುವಂಥದ್ದು ಸಿಗುವವರೆಗೂ ಕಾಯುತ್ತಾರೆ. ಅದಕ್ಕೂ ಮುಂಚೆ ತುಕ್ಕು ತೊಳೆದು, ಎಣ್ಣೆ ಬಿಟ್ಟು, ಹಳೆಯದೇ ತಿರುಗುತ್ತದೆಯೋ ನೋಡುತ್ತಾರೆ.

ಬರುವ ವಾರ ಬಿಡುವು ಮಾಡಿಕೊಂಡು ಬಾ. ತಂತಿಗಳನ್ನು ಪೂರ್ತಿ ಸಡಿಲಿಸಿರು, ಮೇಣದ ಮೆಟ್ಟಿಲುಗಳಿಗೆ ಬಿಸಿಲು ತಾಗದಂತೆ ಬಟ್ಟೆ ಸುತ್ತಿಕೊಂಡು ಬೆಳಗಿನ ಬಸ್ಸಿಗೇ ಹತ್ತು. ಸೀಳಿದ ಬಿರಡೆಯನ್ನು ಮರೆಯದೆ ತಾ. ಎರಡು ಹೋಳನ್ನೂ ದಾರದಲ್ಲಿ ಕಟ್ಟಿ ತಾ. ಅಳತೆ ತೆಗೆಯುವುದು ಅದರಿಂದಲೇ.